ದಡಕ್ಕೆ ಬಿದ್ದ ಡಾಲ್ಫಿನ್‌ಗಳ ಕುರಿತು ಪಣಜಿಯಲ್ಲಿ ಒಂದು ದಿನದ ತರಬೇತಿ

ದಡಕ್ಕೆ ಬಂದು ಬೀಳುವ ಡಾಲ್ಫಿನ್ ಮತ್ತು ತಿಮಿಂಗಿಲಗಳ ಆರೈಕೆ, ಪರೀಕ್ಷೆಗಳ ಕುರಿತು ಕಳೆದ ಭಾನುವಾರ ಪಣಜಿಯಲ್ಲಿ ನಡೆದ ಶಿಬಿರಕ್ಕೆ ವಾಸ್ಕೋದಿಂದ ನಾವು ನಾಲ್ವರು ಕನ್ನಡಿಗರು ಶುಲ್ಕ ಕಟ್ಟಿ ಹೋಗಿದ್ದೆವು.

ಕೊಟ್ಟ ಹಣ ಬೆಳಗಿನ ಎರಡನೆಯ ಅವಧಿಯೊಂದರಲ್ಲೇ ಸಾರ್ಥಕವಾಯಿತು. ಪಶುವೈದ್ಯೆಯೊಬ್ಬರು ಡಾಲ್ಫಿನ್ನಿನ ಕೊಯ್ದ ಯಕೃತ್ತಿನ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಕಂದುಗೆಂಪು ಮಾಂಸದ ತುಂಬ ಕಾವಲಿಯ ಮೇಲಿನ ದೋಸೆಯಲ್ಲಿ ಏಳುವ ತೂತುಗಳಂತೆ ಪೊಳ್ಳುಗಳಿದ್ದವು. ಕೆಲವು ಪೊಳ್ಳುಗಳ ಸುತ್ತ ಬಿಳಿಯ ನಾರಿನ ಗೋಡೆಯಿತ್ತು. ಕೊಳೆಯುವ ಹೆಣದಲ್ಲಿಯೂ ಅನಿಲ ಹುಟ್ಟುತ್ತದೆಯಾದರೂ ಅದರ ಸುತ್ತ ನಾರು ಬೆಳೆಯುವುದಿಲ್ಲ, ಹಾಗಾಗಿ ಆ ಗೋಡೆ ಇದ್ದರೆ ಗುಳ್ಳೆಗಳು ಎದ್ದ ಮೇಲೂ ಪ್ರಾಣಿ ಕೆಲಕಾಲ ಬದುಕಿತ್ತೆಂದೇ ಅರ್ಥ ಎಂದು ಅವರು ವಿವರಿಸಿದಾಗ, ನನ್ನ ಪಕ್ಕದಲ್ಲಿದ್ದ ಕಾರವಾರದ ಮೀನುಗಾರರು ಆ ಚಿತ್ರವನ್ನು ಮತ್ತೊಮ್ಮೆ ತೋರಿಸುವಂತೆ ಕೇಳಿಕೊಂಡರು. ಬ್ರಿಟನ್ನಿನ ದಡಗಳಲ್ಲಿ ಸಿಕ್ಕ ಇಂಥ ಯಕೃತ್ತುಗಳ ವರದಿ 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದಿತ್ತು. 2002ರ ಸೆಪ್ಟೆಂಬರಿನಲ್ಲಿ ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳ ಬಳಿ ನೌಕಾ ಕವಾಯತು ನಡೆದಾಗ ದಡ ಸೇರಿದ 14 ಕೊಕ್ಕಿನ ತಿಮಿಂಗಿಲಗಳ ವಿಷಯವೂ ಅದರಲ್ಲಿದೆ. ನೀರಿನಡಿ ಇರುವುದನ್ನು ಪತ್ತೆಹಚ್ಚಲು ಯುದ್ಧನೌಕೆಗಳು ಹೊರಡಿಸುವ ಸೋನಾರ್ ಸದ್ದಿಗೆ ಬೆದರಿ ಮುಳುಗಿ ಏಳುವ ಕ್ರಮ ತಪ್ಪಿದರೆ ಮೈಯಲ್ಲಿ ಕರಗಿದ್ದ ಸಾರಜನಕ ಗುಳ್ಳೆಗಟ್ಟಬಹುದು ಎಂಬುದು ವಿಜ್ಞಾನಿಗಳ ವಿವರಣೆ. ಆ ದ್ವೀಪಗಳ ಸುತ್ತ ಸ್ಪೇನ್ 2004ರಲ್ಲಿ ಸೋನಾರ್ ನಿಷೇಧಿಸಿತು.

ನಮ್ಮ ಕಡಲಂಚಿನ ಹಂಪ್‌ಬ್ಯಾಕ್ ಡಾಲ್ಫಿನ್ ಆಳವಿಲ್ಲದ ನೀರಿನಲ್ಲಿ ಬಾಳುವ ಪ್ರಾಣಿ, ಆಳಕ್ಕೆ ಮುಳುಗಿ ಏಳುವ ಆ ತಿಮಿಂಗಿಲಗಳಂತಲ್ಲ. ಗೋವಾದ ಬಿಸಿಲಿನಲ್ಲಿ ಹೆಣ ಬೇಗ ಉಬ್ಬುತ್ತದೆ, ಅನಿಲ ಕಂಡ ಮಾತ್ರಕ್ಕೆ ಸೋನಾರನ್ನು ದೂರಬಾರದು ಎಂದು ಆ ಪಶುವೈದ್ಯೆ ಎಚ್ಚರಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಹೆಣವನ್ನು ಪರೀಕ್ಷಿಸದೆ ಜೆಸಿಬಿ ತಂದು ಮರಳಿನಲ್ಲಿ ಹೂಳಿಬಿಟ್ಟರೆ ಈ ವ್ಯತ್ಯಾಸವನ್ನು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಮಧ್ಯಾಹ್ನದ ಪ್ರಾಯೋಗಿಕ ಭಾಗ ನಿರಾಸೆ ತಂದಿತು. ಮೂವತ್ತು ಜನರಿಗೆ ಒಂದೇ ರಬ್ಬರ್ ಡಾಲ್ಫಿನ್ ಇದ್ದುದರಿಂದ ಹೊಟ್ಟೆ ಕೆಳಗಾಗುವಂತೆ ಮಲಗಿಸುವುದನ್ನೂ, ಉಸಿರುರಂಧ್ರವನ್ನು ಬಿಟ್ಟು ಒದ್ದೆ ಬಟ್ಟೆ ಹೊದಿಸುವುದನ್ನೂ ಹೆಚ್ಚಿನವರು ದೂರದಿಂದ ನೋಡಿದ್ದಷ್ಟೇ. ಊಟದ ವ್ಯವಸ್ಥೆ ಚೆನ್ನಾಗಿತ್ತು. ಕೈಪಿಡಿ ಕೊಂಕಣಿ, ಮರಾಠಿ ಮತ್ತು ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿರಲಿಲ್ಲ. ನಮ್ಮ ಕಡೆಯಿಂದ ಬಂದು ಇಲ್ಲಿನ ದೋಣಿಗಳಲ್ಲಿ ದುಡಿಯುವವರೇ ಎಷ್ಟೋ ಸಲ ಇಂಥ ಪ್ರಾಣಿಯನ್ನು ಮೊದಲು ಕಾಣುವವರಾದ್ದರಿಂದ ಈ ಕೊರತೆಯನ್ನು ಸಣ್ಣದೆನ್ನಲಾರೆ. ಬಾಲ ಹಿಡಿದು ಎಳೆಯಬಾರದು, ತಾವಾಗಿಯೇ ಕಡಲಿಗೆ ತಳ್ಳಬಾರದು, ಜನರನ್ನು ದೂರವಿಟ್ಟು ಅರಣ್ಯ ಇಲಾಖೆಗೆ ತಿಳಿಸಬೇಕು ಎಂಬ ಪುಟವನ್ನು ನಾವು ಅಲ್ಲಿಯೇ ಕುಳಿತು ಕನ್ನಡಕ್ಕೆ ತಂದು ಸಂಘಟಕರ ಕೈಗಿತ್ತೆವು. ಮುಂದಿನ ಶಿಬಿರದೊಳಗೆ ಅಚ್ಚು ಹಾಕಿಸುವುದಾಗಿ ಅವರು ಒಪ್ಪಿದ್ದಾರೆ.