ಗ್ಯಾಂಗ್ ಪಟ್ಟಿಯನ್ನು ಎಪಿಐ ಮೂಲಕ ತಿದ್ದುವವರು ಬಟವಾಡೆಗೆ ಮುನ್ನ ಇದನ್ನು ಓದಿ

ಬೆಂಗಳೂರಿನ ಹೊರವಲಯದ ಒಂದು ಕಟ್ಟಡದ ಸೈಟ್ ಕಚೇರಿಯಲ್ಲಿ ನಾನು ಹಾಜರಿ ಲೆಕ್ಕವನ್ನೂ ಅದರ ಸಾಫ್ಟ್‌ವೇರನ್ನೂ ನೋಡಿಕೊಳ್ಳುತ್ತೇನೆ. ಕಳೆದ ವರ್ಷ ಒಂದು ಶುಕ್ರವಾರ ರಾತ್ರಿ ನಾನು ಓಡಿಸಿದ ಸಣ್ಣ ಸ್ಕ್ರಿಪ್ಟಿನಿಂದಾಗಿ (ಕೆಲಸವನ್ನು ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಂ) ಮರುದಿನದ ಬಟವಾಡೆಯ ಪಟ್ಟಿಯಿಂದ 61 ಜನರ ಹೆಸರು ಮಾಯವಾಯಿತು. ಇದೇ ಕೆಲಸ ಮಾಡುವವರು ಇನ್ನೂ ಅನೇಕರಿದ್ದೀರಿ. ನನ್ನಿಂದಾದ ತಪ್ಪು ನಿಮ್ಮ ಸೈಟಿನಲ್ಲಿ ಆಗಬಾರದೆಂದು ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ನಮ್ಮಲ್ಲಿ ಆಗ 268 ಕೆಲಸಗಾರರು, 14 ಗ್ಯಾಂಗ್‌ಗಳು. ಸ್ಲ್ಯಾಬ್ ಹಾಕುವ ದಿನ ಹತ್ತಿರವಾಗಿದ್ದರಿಂದ ಸೆಂಟ್ರಿಂಗ್ ಗ್ಯಾಂಗಿನ ಮೂವರನ್ನು ಕಂಬಿ ಕಟ್ಟುವ ಗ್ಯಾಂಗಿಗೆ ಸೇರಿಸಬೇಕಿತ್ತು. ಇಂಥವೇ ಬದಲಾವಣೆಗಳು ಇನ್ನೂ ಮೂರು ಗ್ಯಾಂಗ್‌ಗಳಲ್ಲಿದ್ದವು. ಪರದೆಯ ಮೇಲೆ ಒಬ್ಬೊಬ್ಬರನ್ನೇ ಬದಲಿಸುವ ಬದಲು ಎಪಿಐ ಮೂಲಕ, ಅಂದರೆ ಪ್ರೋಗ್ರಾಂನಿಂದಲೇ ಸಾಫ್ಟ್‌ವೇರಿಗೆ ನೇರವಾಗಿ ಕೋರಿಕೆ ಕಳುಹಿಸುವ ದಾರಿಯಲ್ಲಿ, ಒಂದೇ ಸಲಕ್ಕೆ ಮುಗಿಸೋಣ ಎಂದುಕೊಂಡೆ. ಕಂಬಿ ಗ್ಯಾಂಗಿನ ದಾಖಲೆಗೆ ಪ್ಯಾಚ್ ಕೋರಿಕೆ, ಅಂದರೆ ದಾಖಲೆಯ ಒಂದು ಭಾಗವನ್ನಷ್ಟೇ ತಿದ್ದುವ ಕೋರಿಕೆ, ಕಳುಹಿಸಿದೆ. ಸದಸ್ಯರ ಜಾಗದಲ್ಲಿ ಹೊಸ ಮೂವರ ಗುರುತಿನ ಸಂಖ್ಯೆಗಳನ್ನಷ್ಟೇ ಇಟ್ಟಿದ್ದೆ. ಪ್ಯಾಚ್ ಎಂದರೆ ತೇಪೆ, ಇರುವುದನ್ನು ಹಾಗೆಯೇ ಉಳಿಸಿ ಹೊಸದನ್ನು ಸೇರಿಸುತ್ತದೆ ಎಂದು ನಂಬಿದ್ದೆ. ಸರ್ವರ್ 200, ಅಂದರೆ ಕೋರಿಕೆ ಯಶಸ್ವಿ, ಎಂಬ ಉತ್ತರ ಕೊಟ್ಟಿತು. ನಾಲ್ಕು ಗ್ಯಾಂಗ್, ನಾಲ್ಕು ಸಲವೂ 200. ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಹೋದೆ.

ಕಂಬಿ ಗ್ಯಾಂಗಿನಲ್ಲಿ ಮೊದಲೇ ಇದ್ದ 22 ಜನ ಆ ಕ್ಷಣಕ್ಕೆ ಹೊರಬಿದ್ದಿದ್ದರು. ದಾಖಲೆಯಲ್ಲಿ ಉಳಿದದ್ದು ಹೊಸ ಮೂವರು ಮಾತ್ರ.

ಪ್ಯಾಚ್ ಕೋರಿಕೆಯಲ್ಲಿ ನಾವು ಹೆಸರಿಸದ ಅಂಕಣಗಳು ಉಳಿಯುತ್ತವೆ, ನಿಜ. ಗ್ಯಾಂಗಿನ ಹೆಸರು, ಮೇಸ್ತ್ರಿ, ಕೆಲಸದ ಜಾಗ ಎಲ್ಲವೂ ಇದ್ದಂತೆಯೇ ಇದ್ದವು. ಆದರೆ ಒಂದು ಅಂಕಣದೊಳಗೆ ಪಟ್ಟಿಯೇ ಇದ್ದರೆ, ಅನೇಕ ಎಪಿಐಗಳು ನಾವು ಕಳುಹಿಸಿದ ಪಟ್ಟಿಯನ್ನೇ ಪೂರ್ಣ ಪಟ್ಟಿ ಎಂದು ತೆಗೆದುಕೊಂಡು ಹಳೆಯದನ್ನು ಅಳಿಸುತ್ತವೆ. ಇದು ದೋಷವೂ ಅಲ್ಲ. ಜೇಸನ್ ಎಂಬ ರೂಪದಲ್ಲಿರುವ ದತ್ತಾಂಶವನ್ನು ತಿದ್ದಲು 2014ರಲ್ಲಿ ಪ್ರಕಟವಾದ ಅಂತರ್ಜಾಲ ಮಾನದಂಡ ಜೇಸನ್ ಮರ್ಜ್ ಪ್ಯಾಚ್, ಆರ್‌ಎಫ್‌ಸಿ 7396, ಪಟ್ಟಿಗಳ ವಿಷಯದಲ್ಲಿ ಹೇಳುವುದು ಇದನ್ನೇ: ಪಟ್ಟಿಯನ್ನು ಬೆಸೆಯುವುದಿಲ್ಲ, ಇಡಿಯಾಗಿ ಬದಲಿಸುತ್ತದೆ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಒಬ್ಬರನ್ನು ಸೇರಿಸಲು, ಒಬ್ಬರನ್ನು ತೆಗೆಯಲು ಬೇರೆಯೇ ಎಪಿಐ ವಿಳಾಸಗಳಿರುತ್ತವೆ. ನಿಮ್ಮದು ಯಾವ ಬಗೆಯದು ಎಂಬುದನ್ನು ಕೈಪಿಡಿಯಲ್ಲಿ ನೋಡಿ. ಅಷ್ಟಕ್ಕೇ ಬಿಡದೆ ಇಬ್ಬರು ಸುಳ್ಳು ಸದಸ್ಯರಿರುವ ಒಂದು ಪರೀಕ್ಷಾ ಗ್ಯಾಂಗಿನ ಮೇಲೆ ಮಾಡಿಯೂ ನೋಡಿ.

ಶನಿವಾರ ಸಂಜೆ ಕಿಟಕಿಯ ಮುಂದೆ ಸಾಲು ನಿಂತಿತು. ನಮ್ಮ ಬಟವಾಡೆ ಪಟ್ಟಿ ಗ್ಯಾಂಗ್ ಪ್ರಕಾರ ಮುದ್ರಣವಾಗುತ್ತದೆ. ಗ್ಯಾಂಗ್ ಇಲ್ಲದವನಿಗೆ ಪಟ್ಟಿಯಲ್ಲಿ ಸಾಲೇ ಇರುವುದಿಲ್ಲ. ರಾಯಚೂರು ಕಡೆಯ ಒಬ್ಬ ಹೆಂಗಸು ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, "ಸಾಹೇಬರೇ, ಆರು ದಿನವೂ ಬಂದಿದ್ದೇನೆ. ಮೇಸ್ತ್ರಿಯನ್ನೇ ಕೇಳಿ" ಎಂದರು. ದುಡ್ಡು ಸೋಮವಾರ ಬಂದೇ ಬರುತ್ತದೆ ಎಂದೆ. ಅವರ ಚಿಂತೆ ದುಡ್ಡಿನದಷ್ಟೇ ಆಗಿರಲಿಲ್ಲ. "ದುಡ್ಡು ತಡವಾದರೆ ಅಂಗಡಿಯವನು ಕಾಯುತ್ತಾನೆ. ನನ್ನ ದಿನಗಳು ಹೋಗಬಾರದು" ಎಂದರು.

ದಿನಗಳು ಎಂದರೆ ಏನೆಂದು ಕಚೇರಿಯಲ್ಲಿ ಕುಳಿತವರಿಗೆ ಹೊಳೆಯುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲು ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕು. 1996ರ ಕಾಯ್ದೆಯಲ್ಲೇ ಇದ್ದ ಷರತ್ತು ಇದು. ನಮ್ಮ ಸೈಟಿನಲ್ಲಿ ಅದಕ್ಕೆ ಬೇಕಾದ ಪತ್ರವನ್ನು ಇದೇ ಹಾಜರಿಯ ಮೇಲೆ ಬರೆದುಕೊಡುತ್ತೇವೆ. ನಾನು ಸಂಖ್ಯೆಗಳೆಂದು ಅಳಿಸಿದ್ದು ಅವರ ಲೆಕ್ಕದ ದಿನಗಳನ್ನು. ಆ ಸಂಜೆ ಅವರ ಮುಖ ನೋಡಿ ಮಾತಾಡಲು ನನಗೆ ಆಗಲಿಲ್ಲ.

ಸರಿಪಡಿಸಲು ಹೊರಟಾಗ ಎರಡನೆಯ ಪೆಟ್ಟು. ಸ್ಕ್ರಿಪ್ಟ್ ಓಡಿಸುವ ಮೊದಲು ಎಲ್ಲರ ಗ್ಯಾಂಗ್ ವಿವರವನ್ನು ಇಳಿಸಿಟ್ಟುಕೊಂಡಿದ್ದೆ. ತೆರೆದು ನೋಡಿದರೆ 100 ಹೆಸರುಗಳಷ್ಟೇ ಇದ್ದವು. ಎಪಿಐ ಪಟ್ಟಿಯನ್ನು ಪುಟ ಪುಟವಾಗಿ ಕೊಡುತ್ತಿತ್ತು, ನಾನು ಮೊದಲ ಪುಟವನ್ನೇ ಪೂರ್ಣ ಪ್ರತಿ ಎಂದುಕೊಂಡಿದ್ದೆ. ಉಳಿದವರನ್ನು ಮೇಸ್ತ್ರಿಗಳ ಹಾಜರಿ ಪುಸ್ತಕದಿಂದಲೇ ತುಂಬಬೇಕಾಯಿತು. ಸಿಮೆಂಟಿನ ಕೈಗಳಿಂದ ಹಾಳೆಗಳು ಒರಟಾಗಿದ್ದ, ಬಾಲ್‌ಪೆನ್ನಿನಲ್ಲಿ ಬರೆದ ಆ ಉದ್ದನೆಯ ಪುಸ್ತಕವಿಲ್ಲದಿದ್ದರೆ ನಮಗೆ ಬೇರೆ ದಾರಿಯೇ ಇರಲಿಲ್ಲ. ಅದರಲ್ಲೂ ಬಸವರಾಜ ಎಂಬ ಹೆಸರಿನವರೇ ಮೂವರು. ಹೆಸರು ನೋಡಿ ಸೇರಿಸಿದ್ದರಿಂದ ಒಬ್ಬನ ದಿನಗಳು ಇನ್ನೊಬ್ಬನ ಖಾತೆಗೆ ಹೋದವು. ಅದನ್ನು ಪತ್ತೆಹಚ್ಚಿದ್ದು ಮೇಸ್ತ್ರಿ, ನಾನಲ್ಲ. ಹೆಸರಿನಿಂದ ಎಂದೂ ಹೊಂದಿಸಬೇಡಿ. ಗುರುತಿನ ಸಂಖ್ಯೆಯಿಂದಲೇ ಹೊಂದಿಸಿ.

61 ಜನರ ಕೂಲಿ ಕೈಸೇರುವಾಗ ಬುಧವಾರವಾಗಿತ್ತು. ಊರಿನಲ್ಲಿ ಸಾವಾಗಿದೆಯೆಂದು ಶನಿವಾರ ರಾತ್ರಿಯೇ ಹೊರಡಬೇಕಿದ್ದ ಒಬ್ಬರು ಬಸ್ಸಿನ ದುಡ್ಡನ್ನು ಜೊತೆಗಾರರಿಂದ ಸಾಲ ಪಡೆದು ಹೋದರು.

ಈಗ ನನ್ನ ಸ್ಕ್ರಿಪ್ಟ್ ಮೊದಲು ಗ್ಯಾಂಗಿನ ಪೂರ್ಣ ಪಟ್ಟಿಯನ್ನು ಕೊನೆಯ ಪುಟದವರೆಗೆ ಓದುತ್ತದೆ, ಅದಕ್ಕೆ ಹೊಸಬರನ್ನು ಸೇರಿಸಿ ಇಡೀ ಪಟ್ಟಿಯನ್ನೇ ಕಳುಹಿಸುತ್ತದೆ, ಆಮೇಲೆ ಮತ್ತೆ ಓದಿ ಎರಡನ್ನೂ ಹೋಲಿಸುತ್ತದೆ. ನಾವು ತೆಗೆಯಲು ಹೇಳದ ಒಂದೇ ಒಂದು ಹೆಸರು ಕಾಣೆಯಾದರೂ ಅಲ್ಲಿಯೇ ನಿಲ್ಲುತ್ತದೆ. 200 ಎಂಬುದು ಕೋರಿಕೆ ತಲುಪಿ ಜಾರಿಯಾಯಿತು ಎಂಬುದಕ್ಕೆ ಗುರುತು. ನಮ್ಮ ಮನಸ್ಸಿನಲ್ಲಿದ್ದದ್ದೇ ಆಯಿತೆಂಬುದಕ್ಕಲ್ಲ. ನೀವು ಓದುವುದಕ್ಕೂ ಬರೆಯುವುದಕ್ಕೂ ನಡುವೆ ಬೇರೊಬ್ಬರು ಪರದೆಯ ಮೇಲೆ ಅದೇ ಗ್ಯಾಂಗನ್ನು ತಿದ್ದಿದರೆ ಅವರ ಬದಲಾವಣೆ ಅಳಿದುಹೋಗುತ್ತದೆ. ಆದ್ದರಿಂದ ಸೈಟ್ ಎಂಜಿನಿಯರ್‌ಗಳಿಗೆ ಮೊದಲೇ ಹೇಳಿಬಿಡಿ.

ಗ್ಯಾಂಗ್ ಬದಲಾವಣೆಯನ್ನು ನಾವೀಗ ಭಾನುವಾರ ಮಾತ್ರ ಮಾಡುತ್ತೇವೆ, ಹಿಂದಿನ ದಿನದ ಬಟವಾಡೆ ಪೂರ್ತಿ ಮುಗಿದ ಮೇಲೆ, ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡು.