ಫಿಟ್ ಸೈನಿಂಗಾ, ಯುಇಎಫ್‌ಐ ಸೆಕ್ಯೂರ್ ಬೂಟಾ? ಎರಡನ್ನೂ ಬೋರ್ಡಿಗೆ ಹಾಕಿ ನೋಡಿದ್ಮೇಲೆ

ಬೋರ್ಡ್ ಆನ್ ಆದಾಗ ಸೈನ್ ಮಾಡಿರೋ (ಡಿಜಿಟಲ್ ಸಹಿ ಇರೋ) ಕರ್ನಲ್ ಮಾತ್ರ ಓಡೋ ಹಾಗೆ ಮಾಡೋಕೆ ಎರಡು ವಿಧಾನ ಇದೆ: ಕರ್ನಲ್ ಲೋಡ್ ಮಾಡೋ ಯು-ಬೂಟ್ ಅನ್ನೋ ಬೂಟ್‌ಲೋಡರಿನದೇ ಫಿಟ್ ಸೈನಿಂಗ್, ಇಲ್ಲಾ ಪಿಸಿಗಳಲ್ಲಿರೋ ಯುಇಎಫ್‌ಐ ಸೆಕ್ಯೂರ್ ಬೂಟ್. ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಯುಇಎಫ್‌ಐಗೇ. ಅದಕ್ಕೆ ಪಿಸಿ ಥರ ದೊಡ್ಡ ಫರ್ಮ್‌ವೇರ್ ಬೇಕು ಅಂತ ತುಂಬಾ ಜನ ಅಂದ್ಕೊಂಡಿದಾರೆ, ಹಾಗೇನಿಲ್ಲ, ಯು-ಬೂಟ್ ಒಳಗೇ 2016ರಿಂದ ಸಪೋರ್ಟ್ ಇದೆ, ಸೆಕ್ಯೂರ್ ಬೂಟ್ 2020ರಲ್ಲಿ ಸೇರ್ತು, ಎಂಬೆಡೆಡ್ ಬೋರ್ಡಲ್ಲಿ ಕನಿಷ್ಠ ಏನೇನಿರ್ಬೇಕು ಅಂತ ಹೇಳೋ ಇಬಿಬಿಆರ್ ಸ್ಪೆಕ್ಕೂ ಇದೆ.

ನನ್ನ ಹಳೇ ಗೇಟ್‌ವೇ ಬೋರ್ಡಲ್ಲಿ ಫಿಟ್ ಇಮೇಜೇ ಇರೋದು. ಕರ್ನಲ್, ಡಿವೈಸ್ ಟ್ರೀ (ಬೋರ್ಡಿನ ಹಾರ್ಡ್‌ವೇರ್ ವಿವರ), ಇನಿಟ್‌ಆರ್‌ಡಿ (ಶುರುವಲ್ಲಿ ಬೇಕಾಗೋ ಪುಟ್ಟ ಫೈಲ್‌ಸಿಸ್ಟಂ) ಮೂರನ್ನೂ ಒಂದು ಐಟಿಎಸ್ ಫೈಲಲ್ಲಿ (ಫಿಟ್‌ನ ವಿವರಣೆ ಫೈಲ್) ಬರ್ದು ಎಂಕೆಇಮೇಜ್ ಟೂಲ್‌ನಿಂದ ಸೈನ್ ಮಾಡಿದ್ರೆ ಆಯ್ತು, ಸಹಿ ಚೆಕ್ ಮಾಡೋ ಪಬ್ಲಿಕ್ ಕೀ ಯು-ಬೂಟಿನ ಡಿಟಿಬಿ (ಕಂಪೈಲ್ ಆದ ಡಿವೈಸ್ ಟ್ರೀ) ಒಳಗೇ ಕೂತ್ಕೊಳತ್ತೆ. ಗಟ್ಟಿ ವ್ಯವಸ್ಥೆ. ಆದ್ರೆ ಇಮೇಜ್‌ಗಳನ್ನ ಮಾತ್ರ ಸೈನ್ ಮಾಡಿ ಬಿಡ್ಬೇಡಿ, ಕಾನ್ಫಿಗರೇಶನ್ನನ್ನೇ (ಯಾವ ಕರ್ನಲ್ಲಿಗೆ ಯಾವ ಡಿಟಿಬಿ ಅನ್ನೋ ಪಟ್ಟಿ) ಸೈನ್ ಮಾಡಿ, ಇಲ್ಲಾಂದ್ರೆ ಸೈನ್ ಆಗಿರೋ ಕರ್ನಲ್ಲಿಗೆ ಇನ್ಯಾವುದೋ ಸೈನ್ ಆಗಿರೋ ಡಿಟಿಬಿ ಜೋಡಿಸಿ ಬೂಟ್ ಮಾಡ್ಸಬಹುದು. ಕಷ್ಟ ಶುರುವಾಗೋದು ಎರಡನೇ ಬೋರ್ಡ್ ತಗೊಂಡಾಗ: ಲೋಡ್ ಅಡ್ರೆಸ್ ಬೇರೆ, ಬೂಟ್‌ಕಮಾಂಡ್ ಬೇರೆ, ಎಲ್ಲಾ ಮತ್ತೆ ಮೊದಲಿಂದ.

ಯುಇಎಫ್‌ಐನಲ್ಲಿ ಆ ಗೋಳಿಲ್ಲ. ಕರ್ನಲ್, ಇನಿಟ್‌ಆರ್‌ಡಿ, ಕಮಾಂಡ್‌ಲೈನ್ ಸೇರಿಸಿ ಒಂದೇ ಇಎಫ್‌ಐ ಫೈಲ್ ಮಾಡಿ, ಡೆಸ್ಕ್‌ಟಾಪಲ್ಲೇ ಎಸ್‌ಬಿಸೈನ್ (ಸಹಿ ಹಾಕೋ ಟೂಲ್) ಹೊಡ್ದು ಕಳ್ಸೋದು, ಡಿವೈಸ್ ಟ್ರೀ ಫರ್ಮ್‌ವೇರೇ ಕೊಡತ್ತೆ, ಹಂಗಾಗಿ ಅದೇ ಫೈಲ್ ಎರಡೂ ಕಡೆ ಓಡತ್ತೆ. ಡೆಬಿಯನ್ ಲಿನಕ್ಸ್ ಬಿಟ್ಟು ಬೇರೇನೂ ಮುಟ್ಟದ ನನಗೆ ಇದಕ್ಕಿಂತ ನೆಮ್ಮದಿ ಇನ್ನೇನು ಬೇಕು.

ಆದ್ರೆ ಒಂದು ತಲೆನೋವು ಮಾತ್ರ ವಿವರವಾಗೇ ಹೇಳ್ಬೇಕು. ಪಿಕೆ (ಮುಖ್ಯ ಕೀ), ಕೆಇಕೆ (ಪಟ್ಟಿ ಬದಲಾಯಿಸಕ್ಕೆ ಒಪ್ಪಿಗೆ ಕೊಡೋ ಕೀ), ಡಿಬಿ (ನಂಬಬಹುದಾದ ಸಹಿಗಳ ಪಟ್ಟಿ) ಮೂರೂ ಕೀಗಳನ್ನ ಯು-ಬೂಟ್ ಪ್ರಾಂಪ್ಟಲ್ಲಿ ಹಾಕ್ದೆ, ಸೈನ್ ಇಲ್ಲದ ಕರ್ನಲ್ ಕೊಟ್ರೆ 'ಇಮೇಜ್ ನಾಟ್ ಅಥೆಂಟಿಕೇಟೆಡ್' ಅಂತ ನಿಲ್ತು, ಸರಿಯಾಗೇ ಇದೆ ಅನ್ನಿಸ್ತು. ಪವರ್ ತೆಗ್ದು ಹಾಕ್ದೆ, ಅದೇ ಕರ್ನಲ್ ಆರಾಮಾಗಿ ಬೂಟ್ ಆಯ್ತು! ಸೆಟಪ್‌ಮೋಡ್ ನೋಡಿದ್ರೆ ಮತ್ತೆ 1, ಅಂದ್ರೆ ಕೀನೇ ಇಲ್ಲ, ಚೆಕ್ಕೂ ಇಲ್ಲ.

ಕಾರಣ ಏನಂದ್ರೆ, ಡಿಫಾಲ್ಟಾಗಿ ವೇರಿಯಬಲ್‌ಗಳೆಲ್ಲಾ (ಯುಇಎಫ್‌ಐ ಸೆಟ್ಟಿಂಗ್‌ಗಳು, ಕೀಗಳೂ ಇದರಲ್ಲೇ) ಇಎಸ್‌ಪಿ ಅನ್ನೋ ಬೂಟ್ ಫೈಲ್‌ಗಳ ಪಾರ್ಟಿಶನ್ನಲ್ಲಿ ಒಂದು ಮಾಮೂಲಿ ಫೈಲಲ್ಲಿ ಉಳಿಯತ್ತೆ, ಕಾರ್ಡ್ ಕಿತ್ಕೊಂಡು ಯಾರು ಬೇಕಾದ್ರೂ ಅದನ್ನ ತಿದ್ದಬಹುದು, ಅದಕ್ಕೇ ಯು-ಬೂಟ್ ಆ ಫೈಲಿಂದ ಸೆಕ್ಯೂರ್ ಬೂಟ್ ಕೀಗಳನ್ನ ಓದೋದೇ ಇಲ್ಲ. ನಿರ್ಧಾರ ಸರಿಯಾದ್ದೇ, ಆದ್ರೆ ಕೀ ಹಾಕೋವಾಗ ಒಂದು ಎಚ್ಚರಿಕೆನೂ ಕಾಣ್ಲಿಲ್ಲ, ಪವರ್ ತೆಗ್ದು ನೋಡದೇ ಫೀಲ್ಡಿಗೆ ಕಳ್ಸಿದ್ರೆ ಬಾಗಿಲು ತೆರೆದೇ ಇರ್ತಿತ್ತು.

ದಾರಿ ಎರಡಿದೆ. ಒಂದು, ಆಪ್‌ಟೀ (ಚಿಪ್ಪಿನ ಸುರಕ್ಷಿತ ಭಾಗದಲ್ಲಿ ಓಡೋ ಪುಟ್ಟ ಓಎಸ್) ಜೊತೆ ಸ್ಟ್ಯಾಂಡ್‌ಅಲೋನ್‌ಎಂಎಂ (ವೇರಿಯಬಲ್ ನೋಡ್ಕೊಳ್ಳೋ ಪ್ರೋಗ್ರಾಂ) ಹಾಕಿ ಇಎಂಎಂಸಿ ಫ್ಲ್ಯಾಶಿನ ಆರ್‌ಪಿಎಂಬಿಯಲ್ಲಿ (ಕೀ ಇಲ್ಲದೆ ಬರೆಯಕ್ಕಾಗದ ಭಾಗ) ವೇರಿಯಬಲ್ ಇಡೋದು, ಅದರ ಕೀ ಜೀವಮಾನಕ್ಕೆ ಒಂದೇ ಸಲ ಬರೆಯಕ್ಕಾಗೋದು, ಮೇಲಾಗಿ ಇಎಂಎಂಸಿ ಇರೋ ಮಾಡೆಲ್ಲಿಗೆ ದುಡ್ಡೂ ಜಾಸ್ತಿ. ಇನ್ನೊಂದು, ಪ್ರೀಸೀಡ್ ಆಪ್ಶನ್ ಆನ್ ಮಾಡಿ ಕೀಗಳನ್ನ ಯು-ಬೂಟ್ ಬೈನರಿ ಒಳಗೇ ಸೇರಿಸೋದು. ಡಿಬಿಎಕ್ಸ್ (ನಿಷೇಧಿಸಿದ ಸಹಿಗಳ ಪಟ್ಟಿ) ಬದಲಾಯಿಸಬೇಕಾದ್ರೆ ಫರ್ಮ್‌ವೇರೇ ಅಪ್‌ಡೇಟ್ ಮಾಡ್ಬೇಕಾಗತ್ತೆ, ಆದ್ರೂ ಬೆರಳೆಣಿಕೆ ಡಿವೈಸ್ ಇರೋ ನನ್ನಂಥೋರಿಗೆ ಇದೇ ಸಾಕು.

ಬೂಟ್ ಸ್ಪೀಡಲ್ಲಿ ನನಗೇನೂ ವ್ಯತ್ಯಾಸ ಕಾಣ್ಲಿಲ್ಲ. ಕೆಲವೇ ಎಂಬಿ ಫ್ಲ್ಯಾಶ್ ಇರೋ ಪುಟ್ಟ ಬೋರ್ಡಿಗೆ ಫಿಟ್ಟೇ ಹಾಕಿ.

ಯಾವುದನ್ನ ಆರಿಸಿದ್ರೂ ಯು-ಬೂಟನ್ನೇ ಚೆಕ್ ಮಾಡೋದು ಚಿಪ್ಪಿನ ಬೂಟ್ ರೋಮ್ (ಒಳಗೇ ಬರ್ದಿರೋ, ಬದಲಾಯಿಸಕ್ಕಾಗದ ಕೋಡ್), ಅದು ಪ್ರತಿ ಕಂಪನಿಗೂ ಬೇರೆ, ಅಲ್ಲಿಗೆ ಯಾವ ಸ್ಟ್ಯಾಂಡರ್ಡೂ ತಲುಪಿಲ್ಲ, ಫ್ಯೂಸ್ (ಕೀ ಗುರುತನ್ನ ಶಾಶ್ವತವಾಗಿ ಬರೆಯೋ ಜಾಗ) ಒಂದ್ಸಲ ಸುಟ್ರೆ ಮುಗೀತು. ಹಂಗಾಗಿ ಬೋರ್ಡ್ ಕೊಳ್ಳೋಕೆ ಮುಂಚೆ ಎರಡು ವಿಷಯ ಕೇಳಿ: ಮೇನ್‌ಲೈನ್ (ಮೂಲ ಪ್ರಾಜೆಕ್ಟಿನ) ಯು-ಬೂಟ್ ಓಡತ್ತಾ, ಫ್ಯೂಸ್ ಬಗ್ಗೆ ಡಾಕ್ಯುಮೆಂಟ್ ಎನ್‌ಡಿಎ (ಗುಟ್ಟು ಕಾಪಾಡೋ ಒಪ್ಪಂದ) ಇಲ್ಲದೇ ಸಿಗತ್ತಾ.