ಲೇಖಕರ ಉತ್ಸವ: ಸಣ್ಣ ಹಾಲ್‌ನಲ್ಲಿ ನಡೆದ ಮಾತುಗಳೇ ಈ ಸಲದ ಗೆಲುವು

ಈ ಸಲ ನಮ್ಮ ಲೇಖಕರ ಉತ್ಸವದ ಪಟ್ಟಿ ನೋಡಿದಾಗ್ಲೇ ಖುಷಿ ಆಗಿತ್ತು. ಕಥೆ, ಕವಿತೆ, ವಿಮರ್ಶೆ ಅಂತ ಮಾಮೂಲಿ ಗೋಷ್ಠಿಗಳ ಜೊತೆಗೆ ಅನುವಾದ, ಮಕ್ಕಳ ಚಿತ್ರಪುಸ್ತಕ, ಪತ್ತೇದಾರಿ ಕಾದಂಬರಿ, ಪ್ರಕಾಶಕರ ಅಗ್ರಿಮೆಂಟು, ಎಲ್ಲದಕ್ಕೂ ಜಾಗ ಕೊಟ್ಟಿದ್ರು.

ದೊಡ್ಡ ಹಾಲ್‌ನಲ್ಲಿ ಹೆಸರಾಂತ ಲೇಖಕರು. ಚೆನ್ನಾಗೇ ಮಾತಾಡಿದ್ರು, ಆದ್ರೆ ಅವರ ಇಂಟರ್‌ವ್ಯೂಗಳನ್ನ ನೋಡಿರೋರಿಗೆ ಹೊಸದು ಕಮ್ಮಿ. ನಿಜವಾದ ಸೊಗಸು ಇದ್ದಿದ್ದು ಸಣ್ಣ ಹಾಲ್‌ನಲ್ಲಿ.

ಅನುವಾದದ ಸೆಷನ್ನೇ ತಗೊಳ್ಳಿ. ಒಂದೇ ಪ್ಯಾರಾನ ಇಬ್ಬರು ಅನುವಾದಕರಿಗೆ ಮೊದಲೇ ಕೊಟ್ಟು, ಇಬ್ಬರ ಪಠ್ಯವನ್ನೂ ಸ್ಕ್ರೀನ್ ಮೇಲೆ ಅಕ್ಕಪಕ್ಕ ಹಾಕಿದ್ರು, ಒಬ್ಬರು ಮೂಲದ ಉದ್ದ ವಾಕ್ಯನ ಹಾಗೇ ಉಳಿಸ್ಕೊಂಡಿದ್ರು, ಇನ್ನೊಬ್ಬರು ಒಡೆದು ನಾಲ್ಕು ಮಾಡಿದ್ರು, ಯಾಕೆ ಅಂತ ಇಬ್ಬರೂ ವಾದ ಮಾಡ್ತಿದ್ರೆ ಮೂಲ ಬರೆದ ಲೇಖಕಿ ಪಕ್ಕದಲ್ಲೇ ಕೂತು ಕೇಳ್ತಿದ್ರು. 2025ರಲ್ಲಿ ಲೇಖಕಿ ಬಾನು ಮುಷ್ತಾಕ್ ಮತ್ತು ಅವರ ಅನುವಾದಕಿ ದೀಪಾ ಭಾಸ್ತಿ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂದಾಗ 50,000 ಪೌಂಡ್ ಬಹುಮಾನ ಇಬ್ಬರಿಗೂ ಸಮವಾಗಿ ಹಂಚಿಕೆ ಆಯ್ತಲ್ಲ, ಆ ಸಮಪಾಲು ಯಾಕೆ ನ್ಯಾಯ ಅನ್ನೋದು ಈ ಸೆಷನ್ ನೋಡಿದೋರಿಗೆ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ಉತ್ಸವದ ಪಟ್ಟಿಯಲ್ಲೂ ಅನುವಾದಕರ ಹೆಸರನ್ನ ಲೇಖಕರ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಹಾಕಿದ್ರು, ಅದು ತುಂಬಾ ಹಿಡಿಸ್ತು.

ಚಿತ್ರಪುಸ್ತಕದ ಸೆಷನ್ ಮಕ್ಕಳಿಗೆ ಅಂದ್ಕೊಂಡು ದೊಡ್ಡೋರು ತುಂಬಾ ಜನ ಬಿಟ್ಬಿಟ್ರು, ಪಾಪ. ಈ ಪುಸ್ತಕಗಳು ಸಾಮಾನ್ಯವಾಗಿ 32 ಪುಟ ಯಾಕಿರ್ತವೆ, ದೊಡ್ಡ ಹಾಳೆನ ಮಡಚಿ ಕತ್ತರಿಸೋ ಪ್ರಿಂಟಿಂಗ್ ಲೆಕ್ಕದಿಂದ ಅದು ಹೇಗೆ ಬಂತು, ಅದರಲ್ಲೂ ಶೀರ್ಷಿಕೆ ಮತ್ತೆ ಕಾಪಿರೈಟ್ ಪುಟ ಕಳೆದ್ರೆ ಕಥೆಗೆ ಎಷ್ಟು ಉಳಿಯುತ್ತೆ ಅಂತ ಚಿತ್ರಕಲಾವಿದೆ ಒಂದು ಹಾಳೆ ಮಡಚಿಯೇ ತೋರಿಸಿದ್ರು. ಮಗು ಪುಟ ತಿರುಗಿಸೋ ಜಾಗದಲ್ಲೇ ಕಥೆಯ ಕುತೂಹಲ ನಿಲ್ಲಬೇಕಂತೆ. ಚಿತ್ರ ಹೇಳಿದ್ದನ್ನೇ ಮಾತಲ್ಲಿ ಮತ್ತೆ ಹೇಳಬಾರದು ಅಂತ ಲೇಖಕರು ಅರ್ಧ ವಾಕ್ಯಗಳನ್ನ ಹೊಡೆದು ಹಾಕಿದ್ದ ಡ್ರಾಫ್ಟನ್ನೂ ತೋರಿಸಿದ್ರು.

ಪತ್ತೇದಾರಿ ಸೆಷನ್ ಮಜಾ ಇತ್ತು, ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ.

ಹೊಸದಾಗಿ ಬರೆಯೋರು ಅಗ್ರಿಮೆಂಟ್ ಸೆಷನ್‌ಗೆ ಹೋಗ್ಲೇಬೇಕಿತ್ತು. ಕಾಪಿರೈಟ್ ಎಷ್ಟು ವರ್ಷ ಇರುತ್ತೆ ಅನ್ನೋದಕ್ಕೆ ಬರ್ನ್ ಅನ್ನೋ ಅಂತಾರಾಷ್ಟ್ರೀಯ ಒಪ್ಪಂದ ಹೇಳೋದು ಲೇಖಕರ ಜೀವಮಾನದ ನಂತರ ಕನಿಷ್ಠ 50 ವರ್ಷ, ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಅದು 60 ವರ್ಷ. ಇದಕ್ಕಿಂತ ಕೆಲಸಕ್ಕೆ ಬರೋ ಮಾತು ಇನ್ನೊಂದಿತ್ತು: ಹಕ್ಕು ಬರೆದುಕೊಡುವಾಗ ಎಷ್ಟು ವರ್ಷಕ್ಕೆ ಅಂತ ಅಗ್ರಿಮೆಂಟಲ್ಲಿ ನಮೂದಿಸದಿದ್ರೆ ಕಾನೂನು ಅದನ್ನ 5 ವರ್ಷ ಅಂತಲೇ ತಗೊಳ್ಳುತ್ತೆ. ನನ್ನ ಪಕ್ಕ ಕೂತಿದ್ದ ಹುಡುಗಿ ಇದನ್ನ ಬರ್ಕೊಂಡು ಅಡಿಗೆರೆ ಹಾಕಿದ್ಲು. ಆಡಿಯೋಬುಕ್ ಹಕ್ಕು ಬೇರೆ, ಅನುವಾದದ ಹಕ್ಕು ಬೇರೆ, ಎಲ್ಲ ಸೇರಿಸಿ ಒಂದೇ ಸಾಲಲ್ಲಿ ಕೊಟ್ಬಿಡಬೇಡಿ ಅಂತ ಸೆಷನ್‌ನಲ್ಲಿ ಮಾತಾಡಿದ ವಕೀಲರು ಎಷ್ಟು ಸಮಾಧಾನದಿಂದ ಹೇಳಿದ್ರು ಅಂದ್ರೆ, ಟೈಮ್ ಮುಗಿದ ಮೇಲೂ ಜನ ಅವರನ್ನ ಬಿಡ್ಲಿಲ್ಲ.

ಬೇಜಾರಿನ ವಿಷಯನೂ ಇದೆ. ಅನುವಾದ ಮತ್ತೆ ಅಗ್ರಿಮೆಂಟ್ ಎರಡಕ್ಕೂ ಒಂದೇ ಥರದ ಜನ ಬರ್ತಾರೆ, ಅವೆರಡನ್ನ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಇಟ್ಟಿದ್ರು, ಹಾಗಾಗಿ ಎರಡನೇದರ ಶುರು ತಪ್ಪಿಹೋಯ್ತು. ಪ್ರಶ್ನೆಗೆ ಅಂತ ಇಟ್ಟ ಸಮಯನ ಕೆಲವು ಮಾಡರೇಟರ್‌ಗಳು ಲೇಖಕರ ಪ್ರಶಸ್ತಿಗಳ ಪಟ್ಟಿ ಓದೋದ್ರಲ್ಲೇ ಕಳೆದ್ರು. ಮೈಕ್ ಕೈಗೆ ಸಿಕ್ಕಿದವರು ಪ್ರಶ್ನೆ ಬದಲು ಭಾಷಣ ಶುರು ಮಾಡಿದಾಗ ತಡೆಯೋರೂ ಇರ್ಲಿಲ್ಲ.

ಬರೆಯೋ ಆಸೆ ಇರೋರು ಮುಂದಿನ ಸಲ ತಪ್ಪಿಸ್ಕೋಬೇಡಿ, ಪಟ್ಟಿ ಬಂದ ತಕ್ಷಣ ಸಣ್ಣ ಹಾಲ್‌ನ ಸೆಷನ್‌ಗಳಿಗೆ ಮೊದಲು ಗುರುತು ಹಾಕ್ಕೊಳ್ಳಿ, ಬೇಗ ಹೋಗಿ, ಸೀಟು ಕಮ್ಮಿ. ಆಯೋಜಕರಲ್ಲಿ ಒಂದೇ ಕೋರಿಕೆ, ದೊಡ್ಡ ಹಾಲ್‌ನಲ್ಲಿ ಇಟ್ಟಿದ್ದ ಕ್ಯಾಮೆರಾ ಸಣ್ಣ ಹಾಲ್‌ನಲ್ಲೂ ಒಂದು ಇಟ್ಟು ರೆಕಾರ್ಡ್ ಮಾಡಿ.